ತವರಿನ ಹೆರಿಗೆ, ಗಡಿಯ ಎರಡು ಕಾರ್ಡು ಮತ್ತು ಯಕೃತ್ತಿನ ಕ್ಯಾನ್ಸರ್

ತಳಿ, ಡೆಂಕಣಿಕೋಟೆ, ಬಾಗಲೂರು, ಬೇರಿಕೆ ಸುತ್ತಿನ ಕನ್ನಡ ಮನೆತನಗಳು ರಾಜ್ಯದ ಗಡಿಯನ್ನು ನೋಡಿ ಸಂಬಂಧ ಬೆಳೆಸಿದವಲ್ಲ. ಆನೇಕಲ್ಲಿನಿಂದ, ಮಾಲೂರಿನಿಂದ, ಕನಕಪುರದ ಕಡೆಯಿಂದ ಹೆಣ್ಣು ತರುತ್ತಾರೆ. ಇಲ್ಲಿಯ ಹೆಣ್ಣುಮಕ್ಕಳನ್ನು ಅತ್ತ ಕೊಡುತ್ತಾರೆ. ಸೊಸೆ ಬಸುರಿಯಾದರೆ ಸೀಮಂತ ಮುಗಿಸಿ ಚೊಚ್ಚಲ ಹೆರಿಗೆಗೆ ತವರಿಗೆ ಕಳುಹಿಸುವುದು ಹಳೆಯ ಪದ್ಧತಿ. ಹಾಗಾಗಿ ಈ ಭಾಗದ ಎಷ್ಟೋ ಗರ್ಭಿಣಿಯರ ಕೈಯಲ್ಲಿ ಎರಡು ದಾಖಲೆಗಳಿರುತ್ತವೆ. ಒಂದು, ಗಂಡನ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಮಿಳುನಾಡಿನ ‘ಪಿಕ್ಮೆ’ ಸಂಖ್ಯೆಯೊಡನೆ ಸಿಕ್ಕ ಪುಸ್ತಕ, ತಮಿಳಿನಲ್ಲಿ. ಇನ್ನೊಂದು, ತವರಿಗೆ ಬಂದ ಮೇಲೆ ಕರ್ನಾಟಕದಲ್ಲಿ ಮಾಡಿಸಿಕೊಂಡ ತಾಯಿ ಕಾರ್ಡು, ಕನ್ನಡದಲ್ಲಿ. ರಕ್ತಪರೀಕ್ಷೆ ನಡೆದದ್ದು ಒಂದು ರಾಜ್ಯದಲ್ಲಿ, ಹೆರಿಗೆ ಇನ್ನೊಂದು ರಾಜ್ಯದಲ್ಲಿ.

ಆ ರಕ್ತಪರೀಕ್ಷೆಗಳಲ್ಲಿ ಒಂದು ಹೆಪಟೈಟಿಸ್ ಬಿ ವೈರಾಣುವಿನದು. ಅದರ ಫಲಿತಾಂಶವು ಹೆರಿಗೆ ಕೋಣೆಯ ದಾದಿಗೆ ಸಕಾಲದಲ್ಲಿ ತಲುಪಿತೋ ಇಲ್ಲವೋ ಎಂಬುದರ ಮೇಲೆ, ಅಂದು ಹುಟ್ಟುವ ಮಗು ನಲವತ್ತೋ ಐವತ್ತೋ ವರ್ಷಗಳ ನಂತರ ಯಕೃತ್ತಿನ ಕ್ಯಾನ್ಸರಿಗೆ ತುತ್ತಾಗುವ ಸಂಭವ ನಿಂತಿರಬಹುದು. ಉತ್ಪ್ರೇಕ್ಷೆಯಂತೆ ಕೇಳಿಸುತ್ತದೆ, ಆದರೆ ಕಳೆದ ಅರ್ಧ ಶತಮಾನದ ವೈದ್ಯವಿಜ್ಞಾನ ಹೇಳುತ್ತಿರುವುದು ಇದನ್ನೇ.

ಈ ವೈರಾಣುವಿನ ವಿಚಿತ್ರವೆಂದರೆ, ಅದು ಯಾವ ವಯಸ್ಸಿನಲ್ಲಿ ದೇಹವನ್ನು ಹೊಕ್ಕಿತು ಎಂಬುದೇ ಮುಂದಿನ ಕಥೆಯನ್ನು ನಿರ್ಧರಿಸುತ್ತದೆ. ವಯಸ್ಕನಿಗೆ ತಗುಲಿದರೆ ನೂರರಲ್ಲಿ ತೊಂಬತ್ತೈದು ಮಂದಿಯ ದೇಹ ಕೆಲವು ತಿಂಗಳಲ್ಲೇ ಅದನ್ನು ಹೊರಗಟ್ಟುತ್ತದೆ. ಹುಟ್ಟುವಾಗ ಅಥವಾ ಹಸುಗೂಸಾಗಿದ್ದಾಗ ತಗುಲಿದರೆ ಲೆಕ್ಕ ತಲೆಕೆಳಗು: ನೂರರಲ್ಲಿ ಸುಮಾರು ತೊಂಬತ್ತು ಮಕ್ಕಳಲ್ಲಿ ಅದು ಶಾಶ್ವತವಾಗಿ ನೆಲೆಸುತ್ತದೆ. ಎಳೆಯ ಮಗುವಿನ ರೋಗನಿರೋಧಕ ವ್ಯವಸ್ಥೆ ವೈರಾಣುವನ್ನು ಹೊರಗಿನದೆಂದು ಗುರುತಿಸುವುದೇ ಇಲ್ಲ, ಹೋರಾಟವೂ ನಡೆಯುವುದಿಲ್ಲ. ಮಗು ಆರೋಗ್ಯವಾಗಿ ಬೆಳೆಯುತ್ತದೆ, ಶಾಲೆಗೆ ಹೋಗುತ್ತದೆ, ದುಡಿಯುತ್ತದೆ, ಮದುವೆಯಾಗುತ್ತದೆ. ಯಕೃತ್ತಿನೊಳಗೆ ಮಾತ್ರ ಒಂದು ಕಿಡಿ ಬೂದಿ ಮುಚ್ಚಿಕೊಂಡು ಕುಳಿತಿರುತ್ತದೆ. ಹೀಗೆ ದೀರ್ಘಕಾಲ ವೈರಾಣುವನ್ನು ಹೊತ್ತವರಲ್ಲಿ, ಚಿಕಿತ್ಸೆಯಿಲ್ಲದಿದ್ದರೆ, ನೂರಕ್ಕೆ ಹದಿನೈದರಿಂದ ಇಪ್ಪತ್ತೈದು ಮಂದಿ ಸಿರೋಸಿಸ್ ಅಥವಾ ಯಕೃತ್ತಿನ ಕ್ಯಾನ್ಸರಿನಿಂದ ಸಾಯುತ್ತಾರೆ.

ಈ ನಂಟು ಖಚಿತವಾದದ್ದು ತೈವಾನಿನಲ್ಲಿ. ಅಮೆರಿಕದ ವೈದ್ಯ ಪಾಮರ್ ಬೀಸ್ಲಿ ಮತ್ತು ಅವರ ತೈವಾನಿ ಸಹೋದ್ಯೋಗಿಗಳು 22,707 ಪುರುಷರ ರಕ್ತ ಪರೀಕ್ಷಿಸಿ, ಅವರನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಬಹುತೇಕರು ಸರ್ಕಾರಿ ನೌಕರರಾದ್ದರಿಂದ ಸಾವು ನೋವುಗಳ ದಾಖಲೆ ಅಚ್ಚುಕಟ್ಟಾಗಿ ಸಿಗುತ್ತಿತ್ತು. 1981ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಯಕೃತ್ತಿನ ಕ್ಯಾನ್ಸರಿಗೆ ಬಲಿಯಾದ 41 ಮಂದಿಯಲ್ಲಿ 40 ಮಂದಿ ಹೆಪಟೈಟಿಸ್ ಬಿ ವಾಹಕರು. ವಾಹಕರಿಗಿದ್ದ ಅಪಾಯ ಉಳಿದವರದಕ್ಕಿಂತ 223 ಪಟ್ಟು. ಧೂಮಪಾನ ಮತ್ತು ಶ್ವಾಸಕೋಶದ ಕ್ಯಾನ್ಸರಿನ ಸಂಬಂಧವೂ ಇಷ್ಟು ಬಿಗಿಯಾದುದಲ್ಲ. 1994ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ವೈರಾಣುವನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದು ಖಚಿತವಾದ ಮೊದಲ ಗುಂಪಿಗೆ ಸೇರಿಸಿತು.

ವೈರಾಣು ಕ್ಯಾನ್ಸರನ್ನು ಹುಟ್ಟಿಸುವುದು ಎರಡು ದಾರಿಯಲ್ಲಿ. ಮೊದಲನೆಯದು ನಿಧಾನದ ದಾರಿ. ಸೋಂಕು ತಗುಲಿದ ಜೀವಕೋಶಗಳನ್ನು ದೇಹವೇ ಆಗಾಗ ಕೊಲ್ಲುತ್ತದೆ. ಯಕೃತ್ತು ಹೊಸ ಕೋಶಗಳನ್ನು ಬೆಳೆಸುತ್ತದೆ. ಗಾಯ, ಮಾಯುವಿಕೆ, ಮತ್ತೆ ಗಾಯ. ಹತ್ತಾರು ವರ್ಷ ಹೀಗೆ ನಡೆದಾಗ ಮೆದುವಾಗಿದ್ದ ಅಂಗ ಕಲೆಗಟ್ಟಿ ಗಂಟುಗಂಟಾಗುತ್ತದೆ. ಇದೇ ಸಿರೋಸಿಸ್. ಪ್ರತಿ ಸಲ ಕೋಶ ವಿಭಜನೆಯಾಗುವಾಗಲೂ ತಪ್ಪಾಗುವ ಅವಕಾಶವಿದ್ದು, ಆ ತಪ್ಪುಗಳು ಕೂಡುತ್ತ ಹೋಗುತ್ತವೆ. ಎರಡನೆಯ ದಾರಿ ಇನ್ನೂ ನೇರ: ವೈರಾಣು ತನ್ನ ಡಿಎನ್‌ಎಯ ತುಣುಕನ್ನು ನಮ್ಮ ಜೀವಕೋಶದ ಡಿಎನ್‌ಎಯೊಳಗೇ ಸೇರಿಸಿಬಿಡುತ್ತದೆ. ಬೆಳವಣಿಗೆಗೆ ಕಡಿವಾಣ ಹಾಕುವ ವಂಶವಾಹಿಗಳು ಅದರಿಂದ ಕೆಡಬಹುದು. ಆದ್ದರಿಂದಲೇ ಹೆಪಟೈಟಿಸ್ ಬಿ ಇರುವವರಲ್ಲಿ ಕೆಲವರಿಗೆ ಸಿರೋಸಿಸ್ ಆಗದೆಯೂ ನೇರವಾಗಿ ಕ್ಯಾನ್ಸರ್ ಬರುತ್ತದೆ. ಕುಡಿತವಿಲ್ಲದ, ಗಟ್ಟಿಮುಟ್ಟಾದ ವ್ಯಕ್ತಿಗೆ ಲೀವರ್ ಕ್ಯಾನ್ಸರ್ ಎಂದಾಗ ಊರವರು ನಂಬದೆ, ಗುಟ್ಟಾಗಿ ಕುಡಿಯುತ್ತಿದ್ದನೇನೋ ಎಂದು ಆಡಿಕೊಳ್ಳುತ್ತಾರೆ. ಆ ಮಾತು ಸತ್ತವನಿಗೂ ಅನ್ಯಾಯ. ಪರೀಕ್ಷೆ ಮಾಡಿಸಿಕೊಳ್ಳಬೇಕಾಗಿದ್ದ ಅವನ ಒಡಹುಟ್ಟಿದವರ ಮತ್ತು ಮಕ್ಕಳ ದಾರಿಯನ್ನೂ ತಪ್ಪಿಸುತ್ತದೆ.

ಈ ಮೌನಕ್ಕೆ ದೇಶವೇ ಬಲ್ಲ ಉದಾಹರಣೆಯೊಂದು ನಮ್ಮ ನೆರೆಯಲ್ಲೇ ಆರಂಭವಾದದ್ದು. 1982ರ ಜುಲೈನಲ್ಲಿ ಬೆಂಗಳೂರಿನಲ್ಲಿ ‘ಕೂಲಿ’ ಚಿತ್ರದ ಚಿತ್ರೀಕರಣದ ವೇಳೆ ಅಮಿತಾಭ್ ಬಚ್ಚನ್ ತೀವ್ರವಾಗಿ ಗಾಯಗೊಂಡರು. ಆ ದಿನಗಳಲ್ಲಿ ಸುಮಾರು ಇನ್ನೂರು ದಾನಿಗಳ ರಕ್ತ ತಮ್ಮ ದೇಹ ಸೇರಿತೆಂದೂ, ಅದರಲ್ಲೊಬ್ಬರಿಂದ ಹೆಪಟೈಟಿಸ್ ಬಿ ಬಂದಿತೆಂದೂ ಅವರೇ ಅನೇಕ ಸಲ ಹೇಳಿಕೊಂಡಿದ್ದಾರೆ. ತಿಳಿದದ್ದು ಸುಮಾರು ಎರಡು ದಶಕಗಳ ನಂತರ, ಸಾಮಾನ್ಯ ತಪಾಸಣೆಯೊಂದರಲ್ಲಿ. ಅಷ್ಟರಲ್ಲಿ ಯಕೃತ್ತಿನ ನೂರಕ್ಕೆ ಎಪ್ಪತ್ತೈದು ಭಾಗ ಹಾಳಾಗಿತ್ತು. ವಯಸ್ಕರಲ್ಲಿ ಸೋಂಕು ಉಳಿದುಬಿಡುವುದು ಅಪರೂಪ. ಆ ಅಪರೂಪದವರಲ್ಲಿ ಅವರೊಬ್ಬರು. ಇಪ್ಪತ್ತು ವರ್ಷ ಕ್ಯಾಮೆರಾದ ಮುಂದೆ ಕುಣಿದು ಹೊಡೆದಾಡಿದ ಮನುಷ್ಯನಿಗೇ ಅರಿವಾಗದ ರೋಗ ಶೂಲಗಿರಿಯ ರೈತನಿಗೆ ಅರಿವಾಗುವುದೆಂತು? ದಾನದ ರಕ್ತವನ್ನೆಲ್ಲ ಈಗ ಕಡ್ಡಾಯವಾಗಿ ಪರೀಕ್ಷಿಸುತ್ತಾರೆ. ಆದರೆ ವೈರಾಣು ದೇಹದ ಹೊರಗೂ ಏಳು ದಿನ ಬದುಕಬಲ್ಲದು. ಒಂದೇ ಸೂಜಿಯ ಹಚ್ಚೆ, ಒಂದೇ ಕತ್ತಿಯ ಕ್ಷೌರ ಮತ್ತು ಮುಡಿ, ಸಂತೆಯ ದಿನ ಇಂಜೆಕ್ಷನ್ ಚುಚ್ಚುವ ನಕಲಿ ವೈದ್ಯನ ಸಿರಿಂಜು, ಇವು ಇಂದಿಗೂ ಅಪಾಯದ ದಾರಿಗಳೇ. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಬಳಸಿದ ಸಿರಿಂಜನ್ನೇ ಮತ್ತೆ ಬಳಸಿದ್ದರಿಂದ ಹೆಪಟೈಟಿಸ್ ಬಿ ಹಬ್ಬಿ ಹತ್ತಾರು ಜನ ಸತ್ತರು.

ರೋಗ ಅರಿವಾಗದಿರಲು ನಮ್ಮ ಒಂದು ಪದವೂ ಕಾರಣವೆನ್ನಬೇಕು. ಕನ್ನಡದಲ್ಲಿ ಕಾಮಾಲೆ, ತಮಿಳಿನಲ್ಲಿ ಮಂಜಳ್ ಕಾಮಾಲೈ. ಗಡಿಯ ಎರಡೂ ಕಡೆ ಒಂದೇ ಮಾತು, ಒಂದೇ ತಪ್ಪುಗ್ರಹಿಕೆ. ಕಾಮಾಲೆ ಒಂದು ಲಕ್ಷಣ ಮಾತ್ರ. ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ, ರಕ್ತದಿಂದ ಬರುವ ಬಿ ಮತ್ತು ಸಿ, ಕುಡಿತ, ಪಿತ್ತಕೋಶದ ಕಲ್ಲು, ಎಲ್ಲದರಲ್ಲೂ ಕಣ್ಣು ಹಳದಿಯಾಗಬಹುದು. ನೀರಿನಿಂದ ಬಂದದ್ದು ಸಾಮಾನ್ಯವಾಗಿ ತಾನಾಗಿಯೇ ವಾಸಿಯಾಗುತ್ತದೆ, ಕೀರ್ತಿ ನಾಟಿ ಔಷಧಿಗೆ ಸಲ್ಲುತ್ತದೆ. ಹುಟ್ಟಿನಿಂದ ಹೆಪಟೈಟಿಸ್ ಬಿ ಹೊತ್ತವನಿಗಾದರೋ ಕಣ್ಣು ಹಳದಿಯಾಗುವುದೇ ಇಲ್ಲ. ಆಗುವುದು ಕೊನೆಯ ಹಂತದಲ್ಲಿ. ‘ನಮ್ಮ ಮನೆಯಲ್ಲಿ ಯಾರಿಗೂ ಕಾಮಾಲೆ ಇಲ್ಲ’ ಎಂಬ ಉತ್ತರದಿಂದ ಏನೂ ಸಾಬೀತಾಗುವುದಿಲ್ಲ.

ನಾಟಿ ಔಷಧಿಯನ್ನು ಹೀಗಳೆಯುವುದು ಇಲ್ಲಿಯ ಉದ್ದೇಶವಲ್ಲ. ನಮ್ಮ ಹೊಲದ ಬದುವಿನಲ್ಲಿ ಬೆಳೆಯುವ ನೆಲನೆಲ್ಲಿಗೆ ಈ ಚರಿತ್ರೆಯಲ್ಲೊಂದು ಗೌರವದ ಸ್ಥಾನವಿದೆ. ಹೆಪಟೈಟಿಸ್ ಬಿ ವೈರಾಣುವಿನ ಮೇಲ್ಮೈಯ ಪ್ರತಿಜನಕವನ್ನು ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಚ್ ಬ್ಲಂಬರ್ಗ್, ಮದರಾಸಿನ ಎಸ್.ಪಿ. ತ್ಯಾಗರಾಜನ್ ಅವರೊಡನೆ ಸೇರಿ ಆ ಗಿಡವನ್ನು ವಾಹಕರ ಮೇಲೆ ಪರೀಕ್ಷಿಸಿದರು. 1988ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ವರದಿಯಂತೆ ಔಷಧಿ ಪಡೆದ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ಪ್ರತಿಜನಕ ಮಾಯವಾಗಿತ್ತು. ಜಗತ್ತೇ ಮದರಾಸಿನತ್ತ ನೋಡಿತು. ಆದರೆ ಬೇರೆ ಕಡೆ ನಡೆದ ಪ್ರಯೋಗಗಳಲ್ಲಿ ಆ ಫಲಿತಾಂಶ ಮರುಕಳಿಸಲಿಲ್ಲ. ಹಳ್ಳಿಯ ಮದ್ದನ್ನು ನೊಬೆಲ್ ವಿಜ್ಞಾನಿಯೊಬ್ಬರು ಆದರದಿಂದ ಪರೀಕ್ಷೆಗೊಡ್ಡಿದರು, ಪರೀಕ್ಷೆಯಲ್ಲಿ ಅದು ನಿಲ್ಲಲಿಲ್ಲ. ಇಂದು ನೆಲನೆಲ್ಲಿಯನ್ನೇ ನಂಬಿ ಮಾತ್ರೆ ಬಿಡುವವರು ಈ ಎರಡನೆಯ ಭಾಗವನ್ನೂ ತಿಳಿದಿರಬೇಕು.

ಪರೀಕ್ಷೆಯಲ್ಲಿ ನಿಂತದ್ದು ಲಸಿಕೆ. ತೈವಾನ್ 1984ರಲ್ಲಿ ನವಜಾತ ಶಿಶುಗಳಿಗೆ ಲಸಿಕೆ ಹಾಕತೊಡಗಿತು. ಹತ್ತೇ ವರ್ಷದಲ್ಲಿ ಮಕ್ಕಳಲ್ಲಿ ಯಕೃತ್ತಿನ ಕ್ಯಾನ್ಸರಿನ ಪ್ರಮಾಣ ಲಕ್ಷಕ್ಕೆ 0.70ರಿಂದ 0.36ಕ್ಕೆ, ಅಂದರೆ ಸರಿಸುಮಾರು ಅರ್ಧಕ್ಕೆ ಇಳಿಯಿತು. ಲಸಿಕೆಯಿಂದ ಕ್ಯಾನ್ಸರನ್ನು ತಡೆಯಬಹುದು ಎಂಬುದಕ್ಕೆ ಜಗತ್ತಿಗೆ ಸಿಕ್ಕ ಮೊದಲ ಸಾಕ್ಷ್ಯ ಅದು. ನಮ್ಮಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ದೇಶೀಯ ಲಸಿಕೆ ತಂದ ಮೇಲೆ ಬೆಲೆ ಸಾಮಾನ್ಯರ ಕೈಗೆಟುಕುವಂತಾಯಿತು. ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ತಮಿಳುನಾಡು, ಕರ್ನಾಟಕ ಸೇರಿದಂತೆ ಹತ್ತು ರಾಜ್ಯಗಳಿಗೆ ಅದನ್ನು ವಿಸ್ತರಿಸಿದ್ದು 2007-08ರಲ್ಲಿ, ದೇಶಕ್ಕೆಲ್ಲ 2011ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಐದು ರೋಗಗಳಿಗೆ ಒಂದೇ ಚುಚ್ಚುಮದ್ದಾದ ಪೆಂಟಾವೇಲೆಂಟ್ ಲಸಿಕೆಯನ್ನು ದೇಶದಲ್ಲಿ ಮೊದಲು ಪಡೆದ ರಾಜ್ಯಗಳು ತಮಿಳುನಾಡು ಮತ್ತು ಕೇರಳ.

ಈ ಇಸವಿಗಳನ್ನು ಗಮನಿಸಬೇಕು. 2008ಕ್ಕೆ ಮೊದಲು ಹುಟ್ಟಿದವರಲ್ಲಿ, ಖಾಸಗಿಯಾಗಿ ಹಾಕಿಸಿಕೊಂಡವರನ್ನು ಬಿಟ್ಟರೆ, ಹೆಚ್ಚಿನವರಿಗೆ ಲಸಿಕೆಯ ರಕ್ಷಣೆಯಿಲ್ಲ. ಇಂದು ನಮ್ಮ ಮನೆಗಳಲ್ಲಿ ತಾಯಂದಿರಾಗುತ್ತಿರುವವರು ಬಹುಪಾಲು ಆ ತಲೆಮಾರಿನವರೇ. ಹೊಸೂರಿನ ಸಿಪ್ಕಾಟ್ ಕಾರ್ಖಾನೆಗಳಿಗೆ ದುಡಿಯಲು ಬಂದಿರುವ ಒಡಿಶಾ, ಬಿಹಾರ, ಜಾರ್ಖಂಡಿನ ಯುವಕರ ರಾಜ್ಯಗಳಂತೂ ಮೊದಲ ಹತ್ತರಲ್ಲಿ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯಂತೆ 2022ರಲ್ಲಿ ಭಾರತದಲ್ಲಿ 2.98 ಕೋಟಿ ಜನ ಹೆಪಟೈಟಿಸ್ ಬಿ ಸೋಂಕಿನೊಡನೆ ಬದುಕುತ್ತಿದ್ದರು. ಜಗತ್ತಿನಲ್ಲಿ ಆ ಒಂದು ವರ್ಷ ಅದರಿಂದ ಸತ್ತವರು ಸುಮಾರು 11 ಲಕ್ಷ. ಸೋಂಕಿತರಲ್ಲಿ ಬಹುಪಾಲು ಜನರಿಗೆ ತಮ್ಮ ಸ್ಥಿತಿಯೇ ಗೊತ್ತಿಲ್ಲ.

ಈಗ ಮೊದಲಿನ ಎರಡು ಕಾರ್ಡುಗಳಿಗೆ ಮರಳೋಣ. ತಾಯಿಯ ರಕ್ತದಲ್ಲಿ ವೈರಾಣು ಹೆಚ್ಚಿದ್ದು ಏನೂ ಮಾಡದಿದ್ದರೆ ಹೆರಿಗೆಯ ವೇಳೆ ಮಗುವಿಗೆ ದಾಟುವ ಸಂಭವ ನೂರಕ್ಕೆ 70ರಿಂದ 90. ತಡೆಯಲು ಮೂರು ಕೆಲಸಗಳಿವೆ. ಮಗು ಹುಟ್ಟಿದ 24 ಗಂಟೆಯೊಳಗೆ ಲಸಿಕೆಯ ಮೊದಲ ಡೋಸು. ತಾಯಿಗೆ ಸೋಂಕಿದೆಯೆಂದು ಗೊತ್ತಿದ್ದರೆ ಅದರ ಜೊತೆಗೇ ಇನ್ನೊಂದು ತೊಡೆಗೆ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದು. ತಾಯಿಯ ರಕ್ತದಲ್ಲಿ ವೈರಾಣು ಹೆಚ್ಚಿದ್ದರೆ ಗರ್ಭದ 28ನೆಯ ವಾರದಿಂದ ಆಕೆಗೆ ಟೆನೊಫೊವಿರ್ ಮಾತ್ರೆ. ಇಪ್ಪತ್ತೆಂಟನೆಯ ವಾರವೆಂದರೆ ಏಳನೆಯ ತಿಂಗಳು. ನಮ್ಮಲ್ಲಿ ಎಷ್ಟೋ ಮನೆಗಳು ಸೀಮಂತ ಮಾಡಿ ಹೆಣ್ಣನ್ನು ತವರಿಗೆ ಕಳುಹಿಸುವುದು ಅದೇ ಹೊತ್ತಿಗೆ! ಮಾತ್ರೆ ಶುರುವಾಗಬೇಕಾದ ವಾರದಲ್ಲೇ ಆಕೆ ಒಂದು ರಾಜ್ಯದ ಆರೋಗ್ಯ ವ್ಯವಸ್ಥೆಯನ್ನು ಬಿಟ್ಟು ಇನ್ನೊಂದಕ್ಕೆ ಹೋಗುತ್ತಾಳೆ. ಗಂಡನ ಊರಿನ ಗ್ರಾಮ ಆರೋಗ್ಯ ದಾದಿಯ ಕಣ್ಣಿನಿಂದ ಮರೆಯಾಗಿರುತ್ತಾಳೆ, ತವರಿನ ಆಶಾ ಕಾರ್ಯಕರ್ತೆಗೆ ಇನ್ನೂ ಪರಿಚಯವಾಗಿರುವುದಿಲ್ಲ. ತಮಿಳು ಪುಸ್ತಕದ ಒಂದು ಮೂಲೆಯಲ್ಲಿ ಬರೆದ ಫಲಿತಾಂಶ ಆನೇಕಲ್ಲಿನ ಹೆರಿಗೆ ಕೋಣೆಯಲ್ಲಿ ಯಾರ ಕಣ್ಣಿಗೂ ಬೀಳದೆ ಹೋಗಬಹುದು. ಇಮ್ಯುನೊಗ್ಲಾಬ್ಯುಲಿನ್ ಎಲ್ಲ ಕಡೆ ಸದಾ ಇರುವ ಮದ್ದಲ್ಲ, ಮೊದಲೇ ತರಿಸಿಡಬೇಕು; ಮಗು ಹುಟ್ಟಿದ ಮೇಲೆ ಹುಡುಕಲು ಹೊರಟರೆ ಅಮೂಲ್ಯ ಗಂಟೆಗಳು ಕಳೆಯುತ್ತವೆ. ಕರ್ನಾಟಕಕ್ಕೆ ಮದುವೆಯಾಗಿ ಹೋದ ನಮ್ಮ ಹೆಣ್ಣುಮಕ್ಕಳು ಹೆರಿಗೆಗೆ ಇಲ್ಲಿಗೆ ಬಂದಾಗ ಇದೇ ಕಥೆ ತಿರುಗುಮುರುಗು.

ತಮಿಳುನಾಡಿನಲ್ಲಿ ನೂರಕ್ಕೆ 99ಕ್ಕಿಂತ ಹೆಚ್ಚು ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತವೆ ಎಂಬುದು ನಿಜ, ಹೆಮ್ಮೆಯದೂ ಹೌದು. ಆದರೆ ಆಸ್ಪತ್ರೆಯಲ್ಲಿ ಹುಟ್ಟಿದ ಮಾತ್ರಕ್ಕೆ ಮೊದಲ ದಿನದ ಲಸಿಕೆ ಸಿಕ್ಕೇಬಿಟ್ಟಿತು ಎನ್ನುವಂತಿಲ್ಲ. ಸರ್ಕಾರಿ ಸರಬರಾಜಿನ ಲಸಿಕೆ ಹತ್ತು ಡೋಸಿನ ಬಾಟಲಿ. ರಾತ್ರಿ ಒಂದೇ ಮಗು ಹುಟ್ಟಿದಾಗ ಬಾಟಲಿ ಒಡೆದರೆ ಉಳಿದದ್ದು ವ್ಯರ್ಥವೆಂಬ ಹಿಂಜರಿಕೆ ದೇಶದ ಅನೇಕ ಕಡೆ ಕಂಡುಬಂದಿದೆ. ನಿಯಮದ ಪ್ರಕಾರ ಸರಿಯಾಗಿ ತಂಪಿನಲ್ಲಿಟ್ಟ ತೆರೆದ ಬಾಟಲಿಯನ್ನು ನಾಲ್ಕು ವಾರಗಳವರೆಗೆ ಬಳಸಬಹುದು. ಭಾನುವಾರ, ಹಬ್ಬದ ರಜೆ, ಲಸಿಕೆ ಕೋಣೆಯ ಬೀಗ, ಇಂಥ ಸಣ್ಣ ಕಾರಣಗಳಿಗೆ ಮೊದಲ ದಿನ ತಪ್ಪಿ, ಆರನೆಯ ವಾರದ ಪೆಂಟಾವೇಲೆಂಟ್‌ವರೆಗೆ ಮಗು ರಕ್ಷಣೆಯಿಲ್ಲದೆ ಉಳಿಯುತ್ತದೆ. ಅಂಚೆಟ್ಟಿ, ಉರಿಗಂ ಕಡೆಯ ಕಾಡಂಚಿನ ಹಟ್ಟಿಗಳಿಂದ 108 ವಾಹನದಲ್ಲಿ ಬರುವಾಗ ದಾರಿಯಲ್ಲೇ ಹೆರುವವರ ಮಾತಂತೂ ಬೇರೆಯೇ.

ಇನ್ನೊಂದು ವಿಷಯವನ್ನು ನಮ್ಮ ರೈತರಿಗೆ ಹೇಳಲೇಬೇಕು. ಮಳೆಯಾಶ್ರಿತ ಕಡಲೆಕಾಯಿ ಈ ಜಿಲ್ಲೆಯ ಹಳೆಯ ಬೆಳೆ. ಸರಿಯಾಗಿ ಒಣಗದೆ ಮೂಟೆ ಕಟ್ಟಿದ ಕಾಯಿಗೆ ಹಿಡಿಯುವ ಬೂಷ್ಟಿನಲ್ಲಿ ಅಫ್ಲಟಾಕ್ಸಿನ್ ಎಂಬ ವಿಷವಿರುತ್ತದೆ. ಅದೂ ಯಕೃತ್ತಿನ ಕ್ಯಾನ್ಸರಿಗೆ ಕಾರಣ. ವೈರಾಣುವೂ ಈ ವಿಷವೂ ಒಬ್ಬನಲ್ಲೇ ಸೇರಿದರೆ ಅಪಾಯ ಕೂಡುವುದಿಲ್ಲ, ಗುಣಿಸುತ್ತದೆ. ಶಾಂಘೈ ನಗರದಲ್ಲಿ ನಡೆದ ಅಧ್ಯಯನದಲ್ಲಿ ಅದು ಸುಮಾರು ಅರವತ್ತು ಪಟ್ಟಿಗೆ ಏರಿತ್ತು. ಮಾರಾಟಕ್ಕೆ ಒಳ್ಳೆಯ ಕಾಯಿ ಆರಿಸಿ, ಮುದುಡಿದ, ಕಪ್ಪಾದ ಕಾಳನ್ನು ಮನೆಯ ಚಟ್ನಿಗೆ ಉಳಿಸಿಕೊಳ್ಳುವ ಮಿತವ್ಯಯ ಇಲ್ಲಿ ದುಬಾರಿ. ಹುರಿದರೂ ಬೇಯಿಸಿದರೂ ಆ ವಿಷ ಪೂರ್ತಿ ಹೋಗುವುದಿಲ್ಲ.

ಸರ್ಕಾರಗಳು ಕೈಕಟ್ಟಿ ಕುಳಿತಿವೆ ಎನ್ನುವಂತಿಲ್ಲ. 2018ರ ಜುಲೈ 28ರಂದು, ಬ್ಲಂಬರ್ಗರ ಜನ್ಮದಿನವಾದ ವಿಶ್ವ ಹೆಪಟೈಟಿಸ್ ದಿನದಂದೇ, ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ. 2022ರ ಜನವರಿಯಲ್ಲಿ ಉದ್ಘಾಟನೆಗೊಂಡ ಹನ್ನೊಂದು ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಕೃಷ್ಣಗಿರಿಯದೂ ಒಂದು. ಮನೆಬಾಗಿಲಿಗೇ ಮದ್ದು ಒಯ್ಯುವ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯನ್ನು ಮುಖ್ಯಮಂತ್ರಿ ಸ್ಟಾಲಿನ್ 2021ರ ಆಗಸ್ಟ್ 5ರಂದು ಆರಂಭಿಸಿದ್ದು ಇದೇ ಜಿಲ್ಲೆಯ ಸಾಮನಪಳ್ಳಿಯಲ್ಲಿ. ರಕ್ತದೊತ್ತಡ, ಮಧುಮೇಹಗಳೇ ಅದರ ಮುಖ್ಯ ಗುರಿ. ಮನೆಮನೆಗೆ ಹೋಗುವ ಆ ಕಾರ್ಯಕರ್ತೆಯರ ಕೈಗೆ, ಬೆರಳ ತುದಿಯ ಹನಿ ರಕ್ತದಲ್ಲಿ ಕೆಲವೇ ನಿಮಿಷದಲ್ಲಿ ಫಲಿತಾಂಶ ಕೊಡುವ ಹೆಪಟೈಟಿಸ್ ಬಿ ಪಟ್ಟಿಯನ್ನೂ ಕೊಟ್ಟರೆ, 2008ಕ್ಕೆ ಮೊದಲು ಹುಟ್ಟಿದ ಪ್ರತಿಯೊಬ್ಬರನ್ನೂ ಜೀವಮಾನದಲ್ಲಿ ಒಮ್ಮೆ ಪರೀಕ್ಷಿಸುವುದು ಅಸಾಧ್ಯವೇನಲ್ಲ. ಯೋಜನೆ ಹುಟ್ಟಿದ ಜಿಲ್ಲೆಯಲ್ಲೇ ಅದನ್ನು ಪ್ರಯೋಗಿಸಬಹುದು.

ಭಾಷೆಯ ಪ್ರಶ್ನೆ ಇಲ್ಲಿ ಅಲಂಕಾರದ್ದಲ್ಲ. ಜಿಲ್ಲೆಯಲ್ಲಾಗಲಿ ತಾಲೂಕಿನಲ್ಲಾಗಲಿ ಜನಸಂಖ್ಯೆಯ ನೂರಕ್ಕೆ ಹದಿನೈದರಷ್ಟಿರುವವರ ಭಾಷೆಯಲ್ಲಿ ಮುಖ್ಯ ನಿಯಮ, ಪ್ರಕಟಣೆಗಳನ್ನು ಹೊರಡಿಸಬೇಕೆಂಬುದು ಭಾಷಾ ಅಲ್ಪಸಂಖ್ಯಾತರಿಗೆ ದೇಶ ಒಪ್ಪಿಕೊಂಡಿರುವ ರಕ್ಷಣೆಗಳಲ್ಲಿ ಒಂದು. ನಾವು ಅದನ್ನು ಶಾಲೆಗೂ ನಾಮಫಲಕಕ್ಕೂ ಕೇಳುತ್ತ ಬಂದಿದ್ದೇವೆ. ಹೆರಿಗೆ ಕೋಣೆಗೂ ಕೇಳಬೇಕು. ಹೆಪಟೈಟಿಸ್ ಬಿ ಫಲಿತಾಂಶವನ್ನು ಪುಸ್ತಕದ ಮೊದಲ ಪುಟದಲ್ಲೇ ತಮಿಳು, ಕನ್ನಡ, ಇಂಗ್ಲಿಷಿನಲ್ಲಿ ಮುದ್ರಿಸುವುದಕ್ಕೆ ದೊಡ್ಡ ಬಜೆಟ್ಟು ಬೇಡ, ಒಂದು ರಬ್ಬರ್ ಮೊಹರು ಸಾಕು. ಹೊಸೂರು ಮತ್ತು ಆನೇಕಲ್ ತಾಲೂಕಿನ ಆರೋಗ್ಯಾಧಿಕಾರಿಗಳ ನಡುವೆ ತವರಿಗೆ ಹೊರಟ ಗರ್ಭಿಣಿಯರ ಬಗ್ಗೆ ಒಂದು ದೂರವಾಣಿ ಕರೆಯ ಏರ್ಪಾಡಾದರೂ ಇರಬೇಕು. ಕಾವೇರಿಯ ವಿವಾದದಂತೆ ಇದರಲ್ಲಿ ಒಬ್ಬರು ಪಡೆದರೆ ಇನ್ನೊಬ್ಬರು ಕಳೆದುಕೊಳ್ಳುವುದೇನೂ ಇಲ್ಲ.

ಪರೀಕ್ಷೆಗೆ ಜನ ಹಿಂಜರಿಯಲು ಭಯವೊಂದಿದೆ: ಸಂಬಂಧ ಮುರಿಯುತ್ತದೆ, ಕೆಲಸ ಹೋಗುತ್ತದೆ. ಎಚ್‌ಐವಿ ಸೋಂಕಿತರನ್ನು ತಾರತಮ್ಯದಿಂದ ಕಾಪಾಡಲು 2017ರಲ್ಲಿ ಕಾನೂನು ಬಂತು. ಹೆಪಟೈಟಿಸ್ ಬಿ ಇರುವವರಿಗಾಗಿ ಅಂಥದೊಂದು ಬಂದಿಲ್ಲ. ಕೊಲ್ಲಿ ದೇಶಗಳ ಉದ್ಯೋಗಕ್ಕೆ ಹೊರಟವರನ್ನು ಈ ಕಾರಣಕ್ಕೆ ಅನರ್ಹಗೊಳಿಸುವುದೂ ಉಂಟು. ಆದುದರಿಂದ ಭಯ ನಿರಾಧಾರವೆಂದು ಉಪದೇಶಿಸುವುದು ಸರಿಯಲ್ಲ. ಸಂಗತಿಗಳನ್ನಂತೂ ಹೇಳಬಹುದು. ಒಂದೇ ತಟ್ಟೆಯಲ್ಲಿ ಉಂಡರೆ, ತಬ್ಬಿಕೊಂಡರೆ, ಒಂದೇ ಬಾವಿಯ ನೀರು ಕುಡಿದರೆ ಇದು ಹರಡುವುದಿಲ್ಲ. ಮಗುವಿಗೆ ಲಸಿಕೆಯಾಗಿದ್ದರೆ ಸೋಂಕಿತ ತಾಯಿ ಹಾಲೂಡಿಸಬಹುದು. ಮದುವೆಯಾಗುವ ಸಂಗಾತಿಗೆ ಮೊದಲು ಪರೀಕ್ಷೆ ಮಾಡಿಸಿ, ಸೋಂಕಿಲ್ಲದಿದ್ದರೆ ಆರು ತಿಂಗಳಲ್ಲಿ ಮೂರು ಡೋಸು ಹಾಕಿಸಿದರೆ ರಕ್ಷಣೆ ದೊರೆಯುತ್ತದೆ.

ಫಲಿತಾಂಶ ಪಾಸಿಟಿವ್ ಬಂದವರೆಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. ವೈರಾಣುವಿನ ಪ್ರಮಾಣ, ಯಕೃತ್ತಿನ ಸ್ಥಿತಿ ನೋಡಿ ವೈದ್ಯರು ತೀರ್ಮಾನಿಸುತ್ತಾರೆ. ಬೇಕಾದವರು ದಿನಕ್ಕೊಂದರಂತೆ ವರ್ಷಗಟ್ಟಲೆ ನುಂಗಬೇಕು. ವೈರಾಣು ಬೇರುಸಹಿತ ಹೋಗದಿದ್ದರೂ ಅಡಗುತ್ತದೆ, ಕ್ಯಾನ್ಸರಿನ ಅಪಾಯ ತಗ್ಗುತ್ತದೆ. ಗುಣವಾಯಿತೆಂದು ತಾವಾಗಿಯೇ ನಿಲ್ಲಿಸಿದರೆ ರೋಗ ಒಮ್ಮೆಲೇ ಕೆರಳಬಹುದು. ಸಿರೋಸಿಸ್ ಇರುವವರು, ಮನೆಯಲ್ಲಿ ಯಾರಿಗಾದರೂ ಯಕೃತ್ತಿನ ಕ್ಯಾನ್ಸರ್ ಬಂದಿದ್ದವರು, ವಾಹಕರಾದ ನಲವತ್ತು ದಾಟಿದ ಗಂಡಸರು ಮತ್ತು ಐವತ್ತು ದಾಟಿದ ಹೆಂಗಸರು ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿಕೊಳ್ಳಬೇಕು. ಎರಡು ಮೂರು ಸೆಂಟಿಮೀಟರಿನ ಗೆಡ್ಡೆಯಾಗಿದ್ದಾಗ ಸಿಕ್ಕರೆ ಕತ್ತರಿಸಿ ತೆಗೆಯಬಹುದು, ಸುಡಬಹುದು. ಹೊಟ್ಟೆ ಊದಿಕೊಂಡು, ತೂಕ ಇಳಿದು, ಕಣ್ಣು ಹಳದಿಯಾದ ಮೇಲೆ ಹೊಸೂರಿನಿಂದ ಬಸ್ಸು ಹತ್ತಿ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ವೇಲೂರಿಗೋ ಹೋದಾಗ, ಅಲ್ಲಿಯ ವೈದ್ಯರಿಗೆ ಮಾಡಲು ಉಳಿದಿರುವುದು ಬಹುಮಟ್ಟಿಗೆ ನೋವು ಕಡಿಮೆ ಮಾಡುವ ಕೆಲಸ ಮಾತ್ರ.